ಪರೀಕ್ಷಾ ಕೇಂದ್ರಕ್ಕೆ ಬೀಗ ಬಿದ್ದಾಗ ಇಂಗ್ಲಿಷ್ ಪರೀಕ್ಷೆಗಳು ಏನು ಮಾಡಿದವು?

2020ರ ಜನವರಿ ಕೊನೆಯ ವಾರದಲ್ಲಿ ಚೀನಾದ ರಾಷ್ಟ್ರೀಯ ಪರೀಕ್ಷಾ ಪ್ರಾಧಿಕಾರ ಒಂದು ಪ್ರಕಟಣೆ ಹೊರಡಿಸಿತು. ಹೊರದೇಶಕ್ಕೆ ಹೋಗುವವರು ತಮ್ಮ ಇಂಗ್ಲಿಷ್ ಮಟ್ಟ ತೋರಿಸಲು ಬರೆಯುವ ಟೋಫೆಲ್, ಐಇಎಲ್‌ಟಿಎಸ್, ಜೊತೆಗೆ ಸ್ನಾತಕೋತ್ತರ ಪ್ರವೇಶದ ಜಿಆರ್‌ಇ, ಫೆಬ್ರವರಿಯಲ್ಲಿ ನಡೆಯಬೇಕಿದ್ದ ಈ ಪರೀಕ್ಷೆಗಳೆಲ್ಲ ರದ್ದು. ಆ ಹೊತ್ತಿಗೆ ಈ ಕಾಯಿಲೆಗೆ ಕೋವಿಡ್ ಅನ್ನೋ ಹೆಸರೂ ಬಂದಿರಲಿಲ್ಲ. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಮಾರ್ಚ್ 25ಕ್ಕೆ ಭಾರತದಲ್ಲಿ ಲಾಕ್‌ಡೌನ್ ಶುರುವಾಯಿತು. ಒಂದೊಂದೇ ದೇಶದಲ್ಲಿ ಪರೀಕ್ಷಾ ಕೇಂದ್ರಗಳು ಬಾಗಿಲು ಹಾಕಿದವು.

ಪರೀಕ್ಷೆ ತಾನೇ, ಮುಂದಕ್ಕೆ ಹಾಕಿದರಾಯಿತು ಅನ್ನಿಸಬಹುದು. ಆದರೆ ಇವು ಶಾಲೆಯ ಕಿರುಪರೀಕ್ಷೆಗಳ ಹಾಗಲ್ಲ. ಐಇಎಲ್‌ಟಿಎಸ್ ಒಂದನ್ನೇ 2018ರಲ್ಲಿ 35 ಲಕ್ಷಕ್ಕೂ ಹೆಚ್ಚು ಸಲ ಬರೆಯಲಾಗಿತ್ತು. ಹೊರದೇಶದಲ್ಲಿ ಓದಬೇಕೆನ್ನುವ ವಿದ್ಯಾರ್ಥಿ, ಬ್ರಿಟನ್ನಿನ ಆಸ್ಪತ್ರೆಗೆ ಹೊರಟ ನರ್ಸ್, ಆಸ್ಟ್ರೇಲಿಯಾದಲ್ಲಿ ನೆಲೆಸಲು ಅರ್ಜಿ ಹಾಕಿದ ಇಂಜಿನಿಯರ್, ಎಲ್ಲರಿಗೂ ಈ ಸ್ಕೋರ್ ಬೇಕು. ಸ್ಕೋರ್ ಇಲ್ಲದೆ ಪ್ರವೇಶ ಪತ್ರ ಇಲ್ಲ. ಪ್ರವೇಶ ಪತ್ರ ಇಲ್ಲದೆ ವೀಸಾ ಇಲ್ಲ, ಬ್ಯಾಂಕ್ ಸಾಲವೂ ಕಷ್ಟ. ಆಗಸ್ಟ್, ಸೆಪ್ಟೆಂಬರ್‌ಗೆ ಕಾಲೇಜು ಶುರು. ಅಂದರೆ ಏಪ್ರಿಲ್ ಒಳಗೆ ಪರೀಕ್ಷೆ ಮುಗಿದಿರಬೇಕು. ಎರಡು ತಿಂಗಳು ತಡವಾದರೆ ಒಂದು ವರ್ಷವೇ ಕೈತಪ್ಪುತ್ತದೆ.

ಹಾಗಾದರೆ ಎಲ್ಲವನ್ನೂ ಆನ್‌ಲೈನ್ ಮಾಡಿಬಿಡಬಹುದಿತ್ತಲ್ಲ? ಪಾಠ ಜೂಮ್‌ನಲ್ಲಿ ನಡೆಯಿತು, ಮದುವೆಗಳೂ ನಡೆದವು. ಪರೀಕ್ಷೆಗೇನು ಕಷ್ಟ? ನಿಜವಾದ ಕಷ್ಟ ಇರುವುದು ಈ ಪ್ರಶ್ನೆಯಲ್ಲೇ. ಕೋವಿಡ್ ಕಾಲದಲ್ಲಿ ಬೇರೆ ಬೇರೆ ಸಂಸ್ಥೆಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟವು. ಪ್ರತಿ ಉತ್ತರದಲ್ಲೂ ಏನನ್ನೋ ಉಳಿಸಿಕೊಂಡರು, ಏನನ್ನೋ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದರ ಹೊರೆ ಯಾರ ಮೇಲೆ ಬಿತ್ತು ಅನ್ನೋದನ್ನೂ ನೋಡಬೇಕು.

ಕೇಂದ್ರವೂ ಅಳತೆಯ ಭಾಗ

ಬೆಂಗಳೂರಿನಲ್ಲಿ ಒಬ್ಬರಿಗೆ ಟೋಫೆಲ್‌ನಲ್ಲಿ 120ಕ್ಕೆ 95 ಬಂತು. ಬ್ರೆಜಿಲ್‌ನಲ್ಲಿ ಇನ್ನೊಬ್ಬರಿಗೂ 95 ಬಂತು. ಇಬ್ಬರ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು ಎಂದು ಅಮೆರಿಕದ ವಿಶ್ವವಿದ್ಯಾಲಯ ನಂಬುತ್ತದೆ. ಈ ನಂಬಿಕೆಗೇ ಅದು ಬೆಲೆ ಕೊಡುತ್ತಿರುವುದು. ಸಂತೆಯಲ್ಲಿ ಒಬ್ಬೊಬ್ಬ ವ್ಯಾಪಾರಿಯ ತೂಕದ ಕಲ್ಲು ಒಂದೊಂದು ಥರ ಇದ್ದರೆ ಕಿಲೋ ಅನ್ನೋ ಮಾತಿಗೆ ಬೆಲೆ ಇರುವುದಿಲ್ಲ, ಇದೂ ಹಾಗೆಯೇ.

ಈ ಸಮಾನತೆ ಪ್ರಶ್ನೆಪತ್ರಿಕೆಯಿಂದ ಮಾತ್ರ ಬರುವುದಿಲ್ಲ. ಎಲ್ಲರಿಗೂ ಒಂದೇ ಅವಧಿ, ಒಂದೇ ಥರದ ಹೆಡ್‌ಫೋನ್, ಸದ್ದಿಲ್ಲದ ಕೋಣೆ, ಪಾಸ್‌ಪೋರ್ಟ್ ನೋಡಿ ಒಳಗೆ ಬಿಡುವ ಸಿಬ್ಬಂದಿ, ಸುತ್ತಾಡುವ ಮೇಲ್ವಿಚಾರಕರು, ಬರೆದ ರಫ್ ಹಾಳೆಯನ್ನು ವಾಪಸ್ ಪಡೆಯುವ ಕ್ರಮ. ಇವೆಲ್ಲ ಸೇರಿದರೆ ಆ ಅಂಕಕ್ಕೆ ಅರ್ಥ ಬರುತ್ತದೆ. ಕೇಂದ್ರವನ್ನು ತೆಗೆದುಹಾಕಿದರೆ ಇಷ್ಟೂ ಕೆಲಸಗಳನ್ನು ಬೇರೆ ಯಾರೋ, ಬೇರೆ ಹೇಗೋ ಮಾಡಬೇಕು. ಪರೀಕ್ಷೆ ಬರೆಯುವವರ ಕಣ್ಣಿಗೆ ಈ ಕೆಲಸಗಳು ಬೀಳುವುದಿಲ್ಲ. ಹಾಗಾಗಿ ಎಲ್ಲ ಸುಲಭವಾಗಿ ಕಾಣುತ್ತದೆ.

ಟೋಫೆಲ್: ಪತ್ರಿಕೆ ಅದೇ, ಕೋಣೆ ನಿಮ್ಮದು

ಮೊದಲು ಹೆಜ್ಜೆ ಇಟ್ಟ ದೊಡ್ಡ ಸಂಸ್ಥೆಗಳಲ್ಲಿ ಅಮೆರಿಕದ ಇಟಿಎಸ್ ಒಂದು. ಟೋಫೆಲ್, ಜಿಆರ್‌ಇ ಎರಡನ್ನೂ ನಡೆಸುವುದು ಇದೇ ಸಂಸ್ಥೆ. 2020ರ ಮಾರ್ಚ್ ಕೊನೆಗೆ ಕೆಲವು ದೇಶಗಳಲ್ಲಿ ಮನೆಯಿಂದಲೇ ಬರೆಯುವ ಟೋಫೆಲ್ ಶುರುವಾಯಿತು. ಏಪ್ರಿಲ್‌ನಲ್ಲಿ ಅದು ಭಾರತವೂ ಸೇರಿ ಹೆಚ್ಚಿನ ದೇಶಗಳಿಗೆ ಬಂತು. ಚೀನಾದ ಮುಖ್ಯ ಭಾಗ ಮತ್ತು ಇರಾನ್ ಮಾತ್ರ ಹೊರಗುಳಿದವು.

ಇಷ್ಟು ಬೇಗ ಹೇಗಾಯಿತು? ಟೋಫೆಲ್‌ನ ಈಗಿನ ರೂಪವಾದ ಐಬಿಟಿ 2005ರಲ್ಲಿ ಶುರುವಾದಾಗಿನಿಂದಲೂ ಇಂಟರ್‌ನೆಟ್ ಮೂಲಕ, ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. ಮಾತನಾಡುವ ಭಾಗದಲ್ಲೂ ಎದುರಿಗೆ ಯಾರೂ ಇರುವುದಿಲ್ಲ. ಮೈಕ್‌ಗೆ ಉತ್ತರ ಹೇಳಬೇಕು. ಆ ಧ್ವನಿ ಇಟಿಎಸ್‌ಗೆ ಹೋಗುತ್ತದೆ, ಅಲ್ಲಿ ಮೌಲ್ಯಮಾಪಕರೂ ಸಾಫ್ಟ್‌ವೇರೂ ಸೇರಿ ಅಂಕ ಕೊಡುತ್ತಾರೆ. ಮೌಲ್ಯಮಾಪನ ಮೊದಲೇ ಕೇಂದ್ರದ ಹೊರಗೆ ನಡೆಯುತ್ತಿತ್ತು. ಪ್ರಶ್ನೆ, ಸಮಯ, ಅಂಕ ಯಾವುದನ್ನೂ ಬದಲಿಸಬೇಕಾಗಲಿಲ್ಲ. ಕೋಣೆ ಕಾಯುವ ಕೆಲಸಕ್ಕೆ ಮಾತ್ರ ಹೊಸ ದಾರಿ ಬೇಕಿತ್ತು. ಆ ಕೆಲಸವನ್ನು ಪ್ರಾಕ್ಟರ್‌ಯು ಎಂಬ ಕಂಪನಿಗೆ ವಹಿಸಿದರು. ಎಲ್ಲೋ ಕೂತ ಮೇಲ್ವಿಚಾರಕರು ವೆಬ್‌ಕ್ಯಾಮ್ ಮೂಲಕ ನೋಡುತ್ತಿರುತ್ತಾರೆ, ಜೊತೆಗೆ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಅನುಮಾನ ಬರುವಂಥ ಚಲನೆಯನ್ನು ಗುರುತು ಹಾಕುತ್ತದೆ.

ಆ ಕೋಣೆಗೆ ಆಗ ಇದ್ದ ನಿಯಮಗಳನ್ನು ಓದಿದರೆ ಕೇಂದ್ರ ಏನೇನು ಮಾಡುತ್ತಿತ್ತು ಅನ್ನೋದು ಅರ್ಥವಾಗುತ್ತದೆ. ಒಬ್ಬರೇ ಇರಬೇಕು, ಬಾಗಿಲು ಮುಚ್ಚಿರಬೇಕು. ಹಾಸಿಗೆ, ಸೋಫಾ ಮೇಲೆ ಕೂರುವಂತಿಲ್ಲ, ಮೇಜು ಕುರ್ಚಿ ಬೇಕು. ಶುರುವಿಗೆ ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿ ತೋರಿಸಬೇಕು. ಕಂಪ್ಯೂಟರ್ ಪರದೆಗೆ ಏನಾದರೂ ಅಂಟಿಸಿಲ್ಲ ಅನ್ನೋದನ್ನು ಕನ್ನಡಿಯಲ್ಲೋ ಮೊಬೈಲ್‌ನಲ್ಲೋ ತೋರಿಸಬೇಕು. ಕಿವಿ ಕಾಣಿಸಬೇಕು, ಏಕೆಂದರೆ ಸಣ್ಣ ಇಯರ್‌ಪೀಸ್‌ನಲ್ಲಿ ಯಾರಾದರೂ ಉತ್ತರ ಹೇಳಿಕೊಡಬಹುದು. ಅದೇ ಕಾರಣಕ್ಕೆ ಹೆಡ್‌ಫೋನ್ ಹಾಕುವಂತಿಲ್ಲ, ಸ್ಪೀಕರ್‌ನಲ್ಲೇ ಕೇಳಿಸಿಕೊಳ್ಳಬೇಕು. ಮಾಮೂಲಿ ಹಾಳೆಯಲ್ಲಿ ಟಿಪ್ಪಣಿ ಬರೆಯುವಂತಿಲ್ಲ. ಚಿಕ್ಕ ವೈಟ್‌ಬೋರ್ಡ್ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗಿಟ್ಟ ಹಾಳೆಯ ಮೇಲೆ ಅಳಿಸಬಹುದಾದ ಪೆನ್ನಿನಲ್ಲಿ ಬರೆದು, ಕೊನೆಗೆ ಕ್ಯಾಮೆರಾ ಮುಂದೆ ಅಳಿಸಬೇಕು. ಪ್ರಶ್ನೆಗಳು ಹೊರಗೆ ಹೋಗದಿರಲಿ ಅಂತ ಈ ಏರ್ಪಾಡು.

ಪ್ರತಿ ನಿಯಮಕ್ಕೂ ಒಳ್ಳೆಯ ಕಾರಣವೇ ಇದೆ. ಆದರೆ ಒಟ್ಟಿಗೆ ನೋಡಿ. ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿ ಕೇಳುತ್ತಿದ್ದ ಪ್ರೊಫೆಸರ್ ಉಪನ್ಯಾಸವನ್ನು ಈಗ ಲ್ಯಾಪ್‌ಟಾಪ್‌ನ ಸಣ್ಣ ಸ್ಪೀಕರ್‌ನಲ್ಲಿ ಕೇಳಬೇಕು. ಅದೂ ಲಾಕ್‌ಡೌನ್‌ನಲ್ಲಿ, ಮನೆಮಂದಿಯೆಲ್ಲ ಮನೆಯಲ್ಲೇ ಇರುವಾಗ. ಪಕ್ಕದ ಕೋಣೆಯಲ್ಲಿ ಟಿವಿ, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ, ಬೀದಿಯಲ್ಲಿ ತರಕಾರಿ ಗಾಡಿ. ಒಂದು ವಾಕ್ಯ ಕೇಳಿಸದೆ ಹೋದರೆ ಅಂಕ ಹೋಗುತ್ತದೆ. ಆ ಅಂಕ ಹೋದದ್ದು ಇಂಗ್ಲಿಷ್ ಬರದೆ ಅಲ್ಲ, ಮನೆ ಚಿಕ್ಕದಾಗಿದ್ದರಿಂದ. ಭಾಷಾ ಪರೀಕ್ಷೆ ರೂಪಿಸುವವರು ತುಂಬ ಹೆದರುವುದು ಇದಕ್ಕೇ: ಅಳೆಯಬೇಕಾದ ವಿಷಯಕ್ಕೆ ಸಂಬಂಧವೇ ಇಲ್ಲದ್ದು ಅಂಕದೊಳಗೆ ನುಸುಳಿಬಿಡುವುದು.

ಇನ್ನು ಕಂಪ್ಯೂಟರೇ ಇಲ್ಲದವರ ಮಾತು. ಟ್ಯಾಬ್, ಮೊಬೈಲ್‌ನಲ್ಲಿ ಈ ಪರೀಕ್ಷೆ ಬರೆಯುವಂತಿರಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ಲೆಕ್ಕದಂತೆ ಭಾರತದ ಹಳ್ಳಿಗಳಲ್ಲಿ ಶೇ. 4.4ರಷ್ಟು ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಪಟ್ಟಣಗಳಲ್ಲಿ ಶೇ. 23.4. ಟೋಫೆಲ್ ಬರೆಯುವ ಮನೆಗಳು ಸಾಮಾನ್ಯವಾಗಿ ಅನುಕೂಲ ಇರುವವೇ, ನಿಜ. ಆದರೂ ಸಾಲ ಮಾಡಿ, ಮನೆಯಲ್ಲಿ ಮೊದಲ ಬಾರಿಗೆ ಹೊರದೇಶಕ್ಕೆ ಹೊರಟ ಮಕ್ಕಳೂ ಅವರಲ್ಲಿದ್ದಾರೆ. ಕೇಂದ್ರ ಅಂಥವರಿಗೆ ಒಳ್ಳೆಯ ಕಂಪ್ಯೂಟರ್, ಜನರೇಟರ್, ನಿಶ್ಶಬ್ದ ಎಲ್ಲವನ್ನೂ ಶುಲ್ಕದಲ್ಲೇ ಕೊಡುತ್ತಿತ್ತು. ಪರೀಕ್ಷೆ ಮನೆಗೆ ಬಂದಾಗ ಅದೆಲ್ಲ ವಿದ್ಯಾರ್ಥಿಯ ತಲೆಗೆ ಬಂತು. ಮನೆ ಪರೀಕ್ಷೆಯ ಬಗ್ಗೆ ಮಾತನಾಡುವಾಗ ಅನುಕೂಲ ಅನ್ನೋ ಪದವೇ ಜಾಸ್ತಿ ಕೇಳಿಸುತ್ತದೆ. ಯಾರ ಅನುಕೂಲ ಅಂತ ಒಮ್ಮೆ ಕೇಳಲೇಬೇಕು.

ಚೀನಾಕ್ಕೆ ಬೇರೆ ದಾರಿ ಬೇಕಾಯಿತು. ಅಲ್ಲಿಯ ವಿದ್ಯಾರ್ಥಿಗಳಿಗೆ ಇಟಿಎಸ್ ತಾತ್ಕಾಲಿಕವಾಗಿ ಟೋಫೆಲ್ ಐಟಿಪಿ ಪ್ಲಸ್ ಎಂಬ ಪರೀಕ್ಷೆ ಕೊಟ್ಟಿತು. ಅದರಲ್ಲಿ ಮಾತಿನ ಭಾಗಕ್ಕೆ ಅಂಕವಿಲ್ಲ. ಒಂದು ವಿಡಿಯೊ ಸಂದರ್ಶನ ಮಾತ್ರ. ಅದನ್ನು ವಿಶ್ವವಿದ್ಯಾಲಯದವರೇ ನೋಡಿ ತೀರ್ಮಾನಿಸಬೇಕು. ನನಗೆ ಇದು ಪ್ರಾಮಾಣಿಕ ದಾರಿ ಅನ್ನಿಸುತ್ತದೆ. ಅಂಕ ಕೊಡುವಷ್ಟು ಖಾತರಿ ಇಲ್ಲದಿದ್ದರೆ ಅಂಕ ಕೊಡದೆ ಸಾಕ್ಷಿಯನ್ನೇ ಕೈಗೆ ಕೊಡುವುದು.

ಐಇಎಲ್‌ಟಿಎಸ್: ಎದುರಿಗೆ ಮನುಷ್ಯರೇ ಬೇಕು

ಐಇಎಲ್‌ಟಿಎಸ್ ಕಥೆ ಬೇರೆ. ಬ್ರಿಟನ್ನಿನ ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾದ ಐಡಿಪಿ ಸಂಸ್ಥೆ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ಸೇರಿ 1989ರಿಂದ ನಡೆಸುತ್ತಿರುವ ಈ ಪರೀಕ್ಷೆಯ ಹೆಮ್ಮೆಯೇ ಅದರ ಮಾತುಕತೆ. 11ರಿಂದ 14 ನಿಮಿಷ ಒಬ್ಬ ಪರೀಕ್ಷಕರ ಎದುರು ಕೂತು ಮಾತನಾಡಬೇಕು. ಅವರು ನಿಮ್ಮ ಉತ್ತರದಿಂದಲೇ ಮುಂದಿನ ಪ್ರಶ್ನೆ ಎತ್ತುತ್ತಾರೆ. ಅರ್ಥವಾಗದಿದ್ದರೆ ನೀವು ಇನ್ನೊಮ್ಮೆ ಕೇಳಬಹುದು. ಮೈಕ್‌ಗೆ ಒಬ್ಬರೇ ಮಾತನಾಡುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸವಿದೆ. ಆದರೆ ಸೋಂಕು ಹರಡುವುದೇ ಎದುರುಬದುರು ಕೂತು ಮಾತನಾಡುವುದರಿಂದ. ಪರೀಕ್ಷೆಯ ಅತಿ ಒಳ್ಳೆಯ ಭಾಗವೇ ಅತಿ ಅಪಾಯದ ಭಾಗವಾಯಿತು.

ಅದೃಷ್ಟಕ್ಕೆ, ಕೋವಿಡ್‌ಗೆ ಕೆಲವು ವರ್ಷ ಮೊದಲೇ ಸಂಶೋಧಕರ ಒಂದು ತಂಡ ಐಇಎಲ್‌ಟಿಎಸ್ ಮಾತಿನ ಪರೀಕ್ಷೆಯನ್ನು ವಿಡಿಯೊ ಕರೆಯಲ್ಲಿ ನಡೆಸಿ ನೋಡಿತ್ತು. ಎದುರಿಗೆ ಕೂತಾಗಲೂ ವಿಡಿಯೊದಲ್ಲೂ ಅಂಕಗಳು ಹೆಚ್ಚುಕಡಿಮೆ ಒಂದೇ ಬಂದವು. ಆದರೆ ವಿಡಿಯೊದಲ್ಲಿ ಜನ ಪ್ರಶ್ನೆಯನ್ನು ಮತ್ತೆ ಹೇಳಿ ಅಂತ ಜಾಸ್ತಿ ಕೇಳುತ್ತಿದ್ದರು. ಯಾರ ಮಾತು ಮುಗಿಯಿತು, ಯಾರು ಶುರು ಮಾಡಬೇಕು ಅನ್ನೋದರಲ್ಲಿ ತೊಡಕಾಗುತ್ತಿತ್ತು. ಅಂಕ ಒಂದೇ ಆದರೂ ನಡೆದ ಮಾತುಕತೆ ಪೂರ್ತಿ ಒಂದೇ ಅಲ್ಲ. ಫೋನಿನಲ್ಲಿ, ವಿಡಿಯೊದಲ್ಲಿ ಸಂಬಂಧಿಕರ ಜೊತೆ ಮಾತಾಡಿದ ಎಲ್ಲರಿಗೂ ಇದು ಗೊತ್ತಿರುವ ವಿಷಯವೇ. ಆ ಅಧ್ಯಯನಗಳು ಇಲ್ಲದೆ ಹೋಗಿದ್ದರೆ 2020ರಲ್ಲಿ ಕತ್ತಲಲ್ಲಿ ಕೈಯಾಡಿಸಬೇಕಾಗುತ್ತಿತ್ತು.

2020ರ ಏಪ್ರಿಲ್ 22ಕ್ಕೆ ಐಇಎಲ್‌ಟಿಎಸ್ ಇಂಡಿಕೇಟರ್ ಬಂತು. 149 ಡಾಲರ್ ಶುಲ್ಕ, ಮನೆಯಿಂದಲೇ ಬರೆಯುವುದು, ಮಾತಿನ ಭಾಗ ವಿಡಿಯೊ ಕರೆಯಲ್ಲಿ ತರಬೇತಿ ಪಡೆದ ಪರೀಕ್ಷಕರ ಜೊತೆ. ಓದು, ಬರಹ, ಕೇಳುವುದು, ಮಾತು ನಾಲ್ಕೂ ಭಾಗಗಳು ಇದ್ದವು. ಆದರೆ ಇದನ್ನು ನಡೆಸಿದವರೇ ಒಂದು ಗೆರೆ ಎಳೆದರು. ಇದು ನಿಮ್ಮ ಮಟ್ಟದ ಸೂಚನೆ ಮಾತ್ರ, ಪೂರ್ತಿ ಐಇಎಲ್‌ಟಿಎಸ್‌ಗೆ ಸಮ ಅಲ್ಲ. ವಿಶ್ವವಿದ್ಯಾಲಯಗಳು ಒಪ್ಪಿದರೆ ಪ್ರವೇಶಕ್ಕೆ ಬಳಸಬಹುದು, ವೀಸಾಗೆ ಬಳಸುವಂತಿಲ್ಲ.

ಸರ್ಕಾರಗಳ ಭಯ ಎಲ್ಲಿಂದ ಬಂತು

ವಿಶ್ವವಿದ್ಯಾಲಯಗಳು ಬೇಗ ಒಪ್ಪಿದವು, ವೀಸಾ ಕೊಡುವ ಸರ್ಕಾರಗಳು ಒಪ್ಪಲಿಲ್ಲ. ಇದಕ್ಕೆ ಹಿಂದಿನ ಒಂದು ಗಾಯ ಕಾರಣ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

2014ರ ಫೆಬ್ರವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಬ್ರಿಟನ್ನಿನ ಕೆಲವು ಪರೀಕ್ಷಾ ಕೇಂದ್ರಗಳ ಒಳಗಿನ ಮೋಸವನ್ನು ತೋರಿಸಿತು. ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಅಭ್ಯರ್ಥಿಗಳ ಬದಲು ಬೇರೆಯವರು ಕೂತು ಮಾತನಾಡುತ್ತಿದ್ದರು. ಬಹು ಆಯ್ಕೆ ಪ್ರಶ್ನೆಗಳಿಗೆ ಮೇಲ್ವಿಚಾರಕರೇ ಉತ್ತರವನ್ನು ಜೋರಾಗಿ ಓದಿ ಹೇಳುತ್ತಿದ್ದರು. ಆ ಪರೀಕ್ಷೆಯೂ ಇಟಿಎಸ್‌ನದೇ. ಬ್ರಿಟನ್ ಗೃಹ ಇಲಾಖೆ ಕೇಳಿದ ಮೇಲೆ ಇಟಿಎಸ್ ಧ್ವನಿ ಗುರುತಿಸುವ ತಂತ್ರದಿಂದ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಜಾಲಾಡಿತು. ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಶೇ. 97ರಷ್ಟು ಅನುಮಾನದ ಪಟ್ಟಿಗೆ ಬಿದ್ದವು. ಸುಮಾರು 34,000 ಪರೀಕ್ಷೆಗಳು ಮೋಸವೆಂದೇ ತೀರ್ಮಾನವಾಯಿತು.

ಶೇ. 97 ಅನ್ನೋ ಅಂಕಿಯೇ ಅನುಮಾನ ಹುಟ್ಟಿಸಬೇಕಿತ್ತು, ಅಲ್ವಾ? ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಅವರಲ್ಲಿ ಭಾರತ, ಬಾಂಗ್ಲಾದೇಶ, ಪಾಕಿಸ್ತಾನದ ಮಕ್ಕಳು ಬಹಳ. ಕೆಲವರನ್ನು ಬಂಧನದಲ್ಲಿಟ್ಟು ದೇಶದಿಂದ ಹೊರಹಾಕಿದರು. ನಾವು ಮೋಸ ಮಾಡಿಲ್ಲ ಎಂದವರು ವರ್ಷಗಟ್ಟಲೆ ಕೋರ್ಟು ಅಲೆದರು. ಹಲವರು ಗೆದ್ದರು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ಈ ಪ್ರಕರಣದ ವರದಿ ಕೊಟ್ಟಿತು. ಮೋಸ ವ್ಯಾಪಕವಾಗಿತ್ತು ನಿಜ, ಆದರೆ ನಿರಪರಾಧಿಗಳು ಸಿಕ್ಕಿಬಿದ್ದಿರಬಹುದೇ ಎಂದು ಗೃಹ ಇಲಾಖೆ ಸರಿಯಾಗಿ ನೋಡಲಿಲ್ಲ ಎಂಬುದು ಅದರ ಸಾರ.

ಈ ಪ್ರಕರಣದಿಂದ ಸರ್ಕಾರಗಳು ಒಂದು ಪಾಠ ಕಲಿತವು: ಭದ್ರತೆ ಬಿಗಿ ಮಾಡಬೇಕು. ಬ್ರಿಟನ್ ತಾನು ಒಪ್ಪಿದ ಪರೀಕ್ಷೆಗಳ ಪಟ್ಟಿಯನ್ನು ಬಿಗಿ ಮಾಡಿ, ಒಪ್ಪಿಗೆ ಪಡೆದ ಕೇಂದ್ರಗಳಲ್ಲೇ ಬರೆಯಬೇಕು ಎಂದಿತು. ಆಸ್ಟ್ರೇಲಿಯಾವೂ ಮನೆಯಿಂದ ಬರೆದ ಪರೀಕ್ಷೆಯನ್ನು ವೀಸಾಗೆ ಒಪ್ಪಲಿಲ್ಲ. ನನಗೆ ಕಾಣುವ ಇನ್ನೊಂದು ಪಾಠದ ಬಗ್ಗೆ ಮಾತು ಕಡಿಮೆ. ಆ ಮೋಸ ನಡೆದದ್ದು ಮನೆಯಲ್ಲಲ್ಲ, ಸರ್ಕಾರವೇ ಒಪ್ಪಿದ ಪರೀಕ್ಷೆಯ ಕೇಂದ್ರಗಳಲ್ಲಿ. ನಾಲ್ಕು ಗೋಡೆ, ಬಾಗಿಲಲ್ಲಿ ಒಬ್ಬ ಮೇಲ್ವಿಚಾರಕ ಇದ್ದ ಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ. ಯಂತ್ರವೊಂದು ತಪ್ಪಿತಸ್ಥ ಎಂದಾಗ ಅದನ್ನು ಪ್ರಶ್ನಿಸಲು ಮನುಷ್ಯನಿಗೆ ದಾರಿ ಇರಬೇಕು. ಕೋವಿಡ್ ಕಾಲದ ಮನೆ ಪರೀಕ್ಷೆಗಳಿಗೆ ಈ ಎರಡನೆಯ ಪಾಠವೇ ಹೆಚ್ಚು ಅನ್ವಯಿಸುತ್ತಿತ್ತು. ಏಕೆಂದರೆ ಅಲ್ಲಿ ಕಣ್ಣು ಅತ್ತಿತ್ತ ಹೋದರೂ ಸಾಫ್ಟ್‌ವೇರ್ ಗುರುತು ಹಾಕುತ್ತದೆ. ಯೋಚಿಸುವಾಗ ಮೇಲೆ ನೋಡುವ ಅಭ್ಯಾಸ ಎಷ್ಟು ಜನಕ್ಕಿಲ್ಲ?

ಕೋಣೆಯನ್ನು ಕ್ಯಾಮೆರಾಗೆ ತೋರಿಸುವ ವಿಷಯವೂ ಕೋರ್ಟು ಕಂಡಿತು. ಅಮೆರಿಕದ ಓಹಾಯೋದಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯ ಪರೀಕ್ಷೆಗೆ ಮೊದಲು ವಿದ್ಯಾರ್ಥಿಯ ಮಲಗುವ ಕೋಣೆಯನ್ನು ಹೀಗೆ ತೋರಿಸಲು ಹೇಳಿತ್ತು. 2022ರಲ್ಲಿ ಫೆಡರಲ್ ನ್ಯಾಯಾಲಯ ಇದು ಸಂವಿಧಾನದ ವಿರುದ್ಧ ಎಂದಿತು. ಆ ತೀರ್ಪು ಖಾಸಗಿ ಪರೀಕ್ಷಾ ಕಂಪನಿಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು.

ಡುಯೊಲಿಂಗೊ: ಅಗ್ಗ, ಬೇಗ, ಆದರೆ ಅಳೆದದ್ದೇನು?

ಈ ಗಲಾಟೆಯಲ್ಲಿ ಮೊದಲೇ ತಯಾರಿದ್ದದ್ದು ಭಾಷೆ ಕಲಿಸುವ ಆ್ಯಪ್ ಕಂಪನಿ ಡುಯೊಲಿಂಗೊದ ಡುಯೊಲಿಂಗೊ ಇಂಗ್ಲಿಷ್ ಟೆಸ್ಟ್. 2016ರಿಂದಲೂ ಅದು ಮನೆಯಲ್ಲೇ ಬರೆಯುವ ಪರೀಕ್ಷೆ. ಆಗ ಶುಲ್ಕ 49 ಡಾಲರ್, ಅವಧಿ ಸುಮಾರು ಒಂದು ಗಂಟೆ, ಎರಡು ದಿನದಲ್ಲಿ ಫಲಿತಾಂಶ. ನೇರವಾಗಿ ನೋಡುವ ಮೇಲ್ವಿಚಾರಕರಿಲ್ಲ. ಪೂರ್ತಿ ವಿಡಿಯೊ ದಾಖಲಾಗುತ್ತದೆ, ಆಮೇಲೆ ಸಿಬ್ಬಂದಿ ನೋಡಿ ಸರಿ ಇದೆಯೋ ಇಲ್ಲವೋ ಹೇಳುತ್ತಾರೆ. 2020ಕ್ಕೆ ಮೊದಲು ಅನುಮಾನದಿಂದ ನೋಡುತ್ತಿದ್ದ ಎಷ್ಟೋ ವಿಶ್ವವಿದ್ಯಾಲಯಗಳು ಆ ವರ್ಷ ಇದನ್ನು ಒಪ್ಪಿಕೊಂಡವು.

ಒಂದೇ ಗಂಟೆಯಲ್ಲಿ ಹೇಗೆ ಅಳೆಯುತ್ತಾರೆ? ಇದು ಉತ್ತರಕ್ಕೆ ತಕ್ಕಂತೆ ಬದಲಾಗುವ ಪರೀಕ್ಷೆ. ಮೊದಲಿಗೆ ಮಧ್ಯಮ ಮಟ್ಟದ ಪ್ರಶ್ನೆ ಬರುತ್ತದೆ ಅಂದುಕೊಳ್ಳಿ. ಸರಿ ಉತ್ತರಿಸಿದರೆ ಮುಂದಿನದು ಸ್ವಲ್ಪ ಕಷ್ಟದ್ದು. ತಪ್ಪಿದರೆ ಸ್ವಲ್ಪ ಸುಲಭದ್ದು. ಪ್ರತಿ ಉತ್ತರದ ನಂತರ ಕಂಪ್ಯೂಟರ್ ನಿಮ್ಮ ಮಟ್ಟದ ಅಂದಾಜನ್ನು ತಿದ್ದಿಕೊಳ್ಳುತ್ತದೆ. ತುಂಬ ಸುಲಭದ, ತುಂಬ ಕಷ್ಟದ ಪ್ರಶ್ನೆಗಳಲ್ಲಿ ಸಮಯ ಹೋಗುವುದಿಲ್ಲ. ಹಾಗಾಗಿ ಕಡಿಮೆ ಪ್ರಶ್ನೆಗಳಲ್ಲೇ ಕೆಲಸ ಮುಗಿಯುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಬರುವುದರಿಂದ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರೂ ಹೆಚ್ಚು ಲಾಭವಿಲ್ಲ. ಆದರೆ ಇದಕ್ಕೆ ಸಾವಿರಾರು ಪ್ರಶ್ನೆಗಳ ದೊಡ್ಡ ಸಂಗ್ರಹ ಬೇಕು. ಒಂದೊಂದರ ಕಷ್ಟದ ಮಟ್ಟವೂ ಗೊತ್ತಿರಬೇಕು. ಡುಯೊಲಿಂಗೊ ಈ ಕೆಲಸಕ್ಕೆ ಯಂತ್ರಕಲಿಕೆಯನ್ನು, ಅಂದರೆ ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ತಂತ್ರವನ್ನು, ಬಳಸಿತು.

ತಕರಾರು ಬಂದದ್ದು ಪ್ರಶ್ನೆಗಳ ಬಗ್ಗೆ. ಆಗಿನ ಪರೀಕ್ಷೆಯಲ್ಲಿ ಪದದ ಅರ್ಧ ಅಕ್ಷರ ಅಳಿಸಿ ತುಂಬಿಸಲು ಹೇಳುತ್ತಿದ್ದರು. ನಿಜವಾದ ಇಂಗ್ಲಿಷ್ ಪದ ಯಾವುದು, ಸುಳ್ಳು ಪದ ಯಾವುದು ಗುರುತಿಸಿ ಎನ್ನುತ್ತಿದ್ದರು. ಒಂದು ವಾಕ್ಯ ಕೇಳಿ ಬರೆಯಬೇಕಿತ್ತು, ಒಂದು ವಾಕ್ಯ ನೋಡಿ ಓದಬೇಕಿತ್ತು. ಇವುಗಳಲ್ಲಿ ಚೆನ್ನಾಗಿ ಮಾಡುವವರ ಇಂಗ್ಲಿಷ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಕಾಲೇಜಿನಲ್ಲಿ ನಲವತ್ತು ನಿಮಿಷದ ಪಾಠ ಕೇಳಬೇಕು, ಉದ್ದದ ಅಧ್ಯಾಯ ಓದಿ ವಾದ ಹಿಡಿಯಬೇಕು. ಅದನ್ನು ಈ ಪರೀಕ್ಷೆ ನೇರವಾಗಿ ಕೇಳುತ್ತಲೇ ಇಲ್ಲ ಎಂದು ಭಾಷಾ ಪರೀಕ್ಷೆಯ ತಜ್ಞರು ಹೇಳಿದರು. ಇನ್ನೊಂದು ಅಪಾಯವೂ ಇದೆ. ಪರೀಕ್ಷೆ ಏನು ಕೇಳುತ್ತದೋ ಮಕ್ಕಳು ಅದನ್ನೇ ಕಲಿಯುತ್ತಾರೆ. ಅರ್ಧ ಪದ ತುಂಬುವುದನ್ನು ರೂಢಿ ಮಾಡಿಕೊಂಡು ಹೋದವರು ತರಗತಿಯಲ್ಲಿ ಒದ್ದಾಡಬಹುದು. ಈ ಮಾತನ್ನು ಕಂಪನಿ ಕಿವಿಗೆ ಹಾಕಿಕೊಂಡಿತು ಅನ್ನಬೇಕು. ಮುಂದಿನ ವರ್ಷಗಳಲ್ಲಿ ಉದ್ದದ ಓದು, ಸಂಭಾಷಣೆ ಕೇಳಿ ಉತ್ತರಿಸುವ ಭಾಗಗಳನ್ನು ಸೇರಿಸಿತು.

ಆದರೂ ಒಂದು ಮಾತು. 49 ಡಾಲರ್ ಅನ್ನೋದು ಸಣ್ಣ ವಿಷಯವಲ್ಲ. ದೊಡ್ಡ ಪರೀಕ್ಷೆಗಳ ಶುಲ್ಕ ಇದರ ಮೂರ್ನಾಲ್ಕು ಪಟ್ಟು ಇತ್ತು. ಒಂದೇ ಸಲಕ್ಕೆ ಬೇಕಾದ ಅಂಕ ಬರದವರಿಗೆ ಎರಡನೇ ಸಲ ಬರೆಯಲು ಧೈರ್ಯ ಕೊಟ್ಟಿದ್ದು ಈ ಅಗ್ಗದ ಪರೀಕ್ಷೆ.

ನಮ್ಮ ಪಿಯುಸಿ, ಎಸ್‌ಎಸ್‌ಎಲ್‌ಸಿ ಇಂಗ್ಲಿಷ್

ದೊಡ್ಡ ಪ್ರಮಾಣದ ಇಂಗ್ಲಿಷ್ ಪರೀಕ್ಷೆ ಅಂದರೆ ಟೋಫೆಲ್, ಐಇಎಲ್‌ಟಿಎಸ್ ಮಾತ್ರ ಅಲ್ಲ. 2020ರ ದ್ವಿತೀಯ ಪಿಯುಸಿ ಬರೆದವರಿಗೆ ಇದು ಚೆನ್ನಾಗಿ ಗೊತ್ತು. ಎಲ್ಲ ವಿಷಯ ಮುಗಿದು ಉಳಿದದ್ದು ಇಂಗ್ಲಿಷ್ ಒಂದೇ. ಅದು ಮಾರ್ಚ್ 23ಕ್ಕೆ ಇತ್ತು. ಹತ್ತಿರ ಬಂದಾಗ ಮುಂದಕ್ಕೆ ಹೋಯಿತು. ಕೊನೆಗೆ ನಡೆದದ್ದು ಜೂನ್ 18ಕ್ಕೆ. ಸುಮಾರು ಆರು ಲಕ್ಷ ಮಕ್ಕಳು ಒಂದೇ ದಿನ, ಒಂದೇ ಪತ್ರಿಕೆಗೆ ಮನೆಯಿಂದ ಹೊರಬಂದರು. ಲಾಕ್‌ಡೌನ್‌ಗೆ ಹಾಸ್ಟೆಲ್ ಬಿಟ್ಟು ಊರಿಗೆ ಹೋದವರಿಗೆ ಹತ್ತಿರದ ಕೇಂದ್ರದಲ್ಲಿ ಬರೆಯಲು ಅವಕಾಶ ಕೊಟ್ಟರು. ಬಾಗಿಲಲ್ಲಿ ಜ್ವರ ನೋಡಿದರು, ಮಾಸ್ಕ್ ಹಾಕಿಸಿದರು, ಬೆಂಚುಗಳ ನಡುವೆ ಅಂತರ ಬಿಟ್ಟರು. ಒಳಗೆ ಶಿಸ್ತಿತ್ತು. ಆದರೆ ಕೆಲವು ಕೇಂದ್ರಗಳ ಗೇಟ್ ಮುಂದೆ ಗುಂಪು ಸೇರಿದ್ದು ಸುದ್ದಿಯಾಯಿತು. ಒಂದು ವಾರದ ನಂತರ, ಜೂನ್ 25ರಿಂದ, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಎಸ್‌ಎಸ್‌ಎಲ್‌ಸಿ ಶುರುವಾಯಿತು.

ಇಲ್ಲಿ ಸರ್ಕಾರ ಪರೀಕ್ಷೆಯನ್ನು ಹಾಗೇ ಉಳಿಸಿಕೊಂಡು ಕಾಯುವ ದಾರಿ ಹಿಡಿಯಿತು. ಮನೆಯಿಂದ ಬರೆಸುವ ಯೋಚನೆಗೆ ಅರ್ಥವೇ ಇರಲಿಲ್ಲ. ಮೇಲೆ ಹೇಳಿದ ಶೇ. 4.4ರ ಲೆಕ್ಕ ನೆನಪಿಸಿಕೊಂಡರೆ ಸಾಕು. ಆದರೆ ಕಾದದ್ದಕ್ಕೂ ಬೆಲೆ ತೆತ್ತದ್ದು ಮಕ್ಕಳೇ. ಸುಮಾರು ಮೂರು ತಿಂಗಳು ಪುಸ್ತಕ ಮುಚ್ಚಿಡಲೂ ಆಗದೆ, ಮುಂದೆ ಸಾಗಲೂ ಆಗದೆ ಒಂದೇ ಪತ್ರಿಕೆಯನ್ನು ಹಿಡಿದು ಕೂತರು.

2021ರ ಎರಡನೇ ಅಲೆ ಇನ್ನೂ ಘೋರವಾಗಿತ್ತು. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿ ಅಂಕದ ಶೇ. 45, ಪ್ರಥಮ ಪಿಯುಸಿಯ ಶೇ. 45, ಆಂತರಿಕ ಮೌಲ್ಯಮಾಪನದ ಶೇ. 10 ಸೇರಿಸಿ ಫಲಿತಾಂಶ ಕೊಟ್ಟರು. ಎಸ್‌ಎಸ್‌ಎಲ್‌ಸಿಗೆ ಪರೀಕ್ಷೆ ಇತ್ತು, ಆದರೆ ರೂಪ ಪೂರ್ತಿ ಬದಲಾಗಿತ್ತು. ಆರು ವಿಷಯ ಎರಡೇ ದಿನದಲ್ಲಿ. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ. ಜುಲೈ 22ಕ್ಕೆ ಮೂರು ಭಾಷೆಗಳು ಒಟ್ಟಿಗೆ. ಒಂದೊಂದಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ಗುಂಡು ತುಂಬುವುದು. ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದರು.

ಭಾಷೆಯ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ. ಮಾಮೂಲಿ ಇಂಗ್ಲಿಷ್ ಪತ್ರಿಕೆಯಲ್ಲಿ ಪತ್ರ ಬರೆಯಬೇಕು, ಪ್ರಬಂಧ ಬರೆಯಬೇಕು, ಪಾಠದ ಪ್ರಶ್ನೆಗೆ ಸ್ವಂತ ವಾಕ್ಯದಲ್ಲಿ ಉತ್ತರಿಸಬೇಕು. ಒಎಂಆರ್ ಹಾಳೆಯಲ್ಲಿ ಒಂದೇ ಒಂದು ವಾಕ್ಯವನ್ನೂ ಬರೆಯುವ ಹಾಗಿಲ್ಲ. ವ್ಯಾಕರಣ ಗೊತ್ತೇ, ಪಾಠ ನೆನಪಿದೆಯೇ ಅನ್ನೋದು ತಿಳಿಯಬಹುದು. ಮಗುವಿಗೆ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆಯಲು ಬರುತ್ತದೆಯೇ ಅನ್ನೋದು ತಿಳಿಯುವುದಿಲ್ಲ. ಒಂದು ತರಗತಿ ಪೂರ್ತಿ ಈ ಅಳತೆಯಿಲ್ಲದೆ ದಾಟಿತು. ಆ ಸನ್ನಿವೇಶದಲ್ಲಿ ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಮಕ್ಕಳ ಜೀವಕ್ಕಿಂತ ಪ್ರಬಂಧ ದೊಡ್ಡದಲ್ಲ. ಬೇಸರ ಇರುವುದು ಬೇರೆ ಕಡೆ. 2021ರ ಇಂಗ್ಲಿಷ್ ಅಂಕ ಮತ್ತು 2019ರ ಇಂಗ್ಲಿಷ್ ಅಂಕ ಅಂಕಪಟ್ಟಿಯಲ್ಲಿ ಒಂದೇ ಥರ ಕಾಣುತ್ತವೆ. ಎರಡೂ ಅಳೆದದ್ದು ಬೇರೆ ಬೇರೆ ವಿಷಯವನ್ನು. ಬರವಣಿಗೆಯ ಅಭ್ಯಾಸ ತಪ್ಪಿದ ಆ ಮಕ್ಕಳಿಗೆ ಪಿಯುಸಿಯಲ್ಲಿ ವಿಶೇಷ ಗಮನ ಬೇಕಿತ್ತು. ಅಂಕ ನೋಡಿದವರಿಗೆ ಆ ಅಗತ್ಯ ಕಾಣುವ ಹಾಗೇ ಇರಲಿಲ್ಲ.

ಆಮೇಲೆ ಉಳಿದದ್ದು

ಸೋಂಕು ಇಳಿದ ಮೇಲೂ ಮನೆ ಪರೀಕ್ಷೆ ಹೋಗಲಿಲ್ಲ. ಟೋಫೆಲ್ ಮನೆ ಆವೃತ್ತಿ ತಾತ್ಕಾಲಿಕ ಅಂತ ಶುರುವಾಗಿ ಖಾಯಂ ಆಯಿತು. ಪಿಯರ್ಸನ್ ಕಂಪನಿಯ ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಗೂ, ಐಇಎಲ್‌ಟಿಎಸ್‌ಗೂ ಆನ್‌ಲೈನ್ ರೂಪಗಳು ಬಂದವು. ಪರೀಕ್ಷೆಗಳು ಚಿಕ್ಕದಾಗತೊಡಗಿದವು. ಮೂರು ಗಂಟೆಯ ಟೋಫೆಲ್ 2023ರ ಜುಲೈನಲ್ಲಿ ಎರಡು ಗಂಟೆಯೊಳಗೆ ಇಳಿಯಿತು. 2026ರ ಜನವರಿಯಿಂದ ಅದೂ ಉತ್ತರಕ್ಕೆ ತಕ್ಕಂತೆ ಬದಲಾಗುವ ಪರೀಕ್ಷೆಯಾಗಿದೆ. ಭಾರತದಲ್ಲಿ ವ್ಯಾಪಾರದ ಚಿತ್ರವೂ ಬದಲಾಯಿತು. 2021ರಲ್ಲಿ ಬ್ರಿಟಿಷ್ ಕೌನ್ಸಿಲ್ ತನ್ನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನು 13 ಕೋಟಿ ಪೌಂಡ್‌ಗೆ ಐಡಿಪಿಗೆ ಮಾರಿತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆಸುವ ಪರೀಕ್ಷೆಯ ಕಾವಲು ಇನ್ನಷ್ಟು ಕಷ್ಟವಾಗಿದೆ. ಕ್ಷಣದಲ್ಲಿ ಪ್ರಬಂಧ ಬರೆದುಕೊಡುವ ಯಂತ್ರವನ್ನು ಕಿವಿ ನೋಡಿ ಹಿಡಿಯಲು ಆಗುವುದಿಲ್ಲ.

ವಿಶ್ವವಿದ್ಯಾಲಯ ಒಂದು ಹೇಳುವುದು, ವೀಸಾ ಕಚೇರಿ ಇನ್ನೊಂದು ಹೇಳುವುದು ಈಗಲೂ ಇದೆ. ಪ್ರವೇಶಕ್ಕೆ ಒಪ್ಪಿದ ಮನೆ ಪರೀಕ್ಷೆಯ ಅಂಕ ವೀಸಾಗೆ ನಡೆಯದೆ ಹೋಗಬಹುದು. ಬ್ರಿಟನ್ ಥರದ ಕಡೆ ಪದವಿ ಮಟ್ಟದ ಕೋರ್ಸಿಗೆ ವಿದ್ಯಾರ್ಥಿಯ ಇಂಗ್ಲಿಷ್ ಸಾಕೇ ಎಂದು ತೀರ್ಮಾನಿಸುವ ಅಧಿಕಾರ ವಿಶ್ವವಿದ್ಯಾಲಯಕ್ಕೇ ಇದೆ, ಅದಕ್ಕಿಂತ ಕೆಳಗಿನ ಕೋರ್ಸಿಗೆ ಇಲ್ಲ. ಕೆಲವು ಪರೀಕ್ಷೆಗಳಿಗೆ ಕೇಂದ್ರದ ರೂಪಕ್ಕೂ ಮನೆಯ ರೂಪಕ್ಕೂ ಹೆಸರು ಬಹುತೇಕ ಒಂದೇ, ಒಂದು ಪದ ಮಾತ್ರ ಹೆಚ್ಚು. ಹೊರದೇಶಕ್ಕೆ ಹೊರಟವರು ನಿಮ್ಮ ಮನೆಯಲ್ಲಿದ್ದರೆ, ಶುಲ್ಕ ಕಟ್ಟುವ ಮೊದಲು ಆ ದೇಶದ ವೀಸಾ ಇಲಾಖೆಯ ಈಗಿನ ಪಟ್ಟಿಯನ್ನು ತೆರೆದು, ಪರೀಕ್ಷೆಯ ಪೂರ್ತಿ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಲು ಹೇಳಿ.